ಮೀಸೆ ಮಣ್ಣಾಗದ ಚಡ್ಡಿ: ಬಳಕೆದಾರರ ಕೈಪಿಡಿ

ಫಿಗರ್ ಸ್ಕೇಟಿಂಗ್ ಕಲಿಯುವವರಿಗಾಗಿ ಪ್ಯಾಡ್ ಚಡ್ಡಿ, ಮಂಡಿ ಪ್ಯಾಡ್ ಹಾಗೂ ಅವುಗಳ ಬಂಧುಬಳಗವನ್ನು ಆರಿಸಿ, ತೊಡಿಸಿ, ಅಡಗಿಸಿ, ಒಗೆದು, ಕಡೆಗೊಮ್ಮೆ ಬಿಚ್ಚಿಸುವ ಕ್ರಮ. ಕೊಳ್ಳುವ ಮುನ್ನ ಪೂರ್ತಿ ಓದಿ. ಕೊಂಡಾದ ಮೇಲೆ ಓದುತ್ತಿದ್ದರೆ ರಸೀದಿ ಜೋಪಾನ.

ಈ ಕೈಪಿಡಿ ಯಾರಿಗೆ

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಊರೊಳಗೆ ಹಿಮ ಬೀಳುವುದು ಅಪರೂಪ. ಐಸ್ ಮೇಲೆ ಬೀಳುವವರಿಗೆ ಮಾತ್ರ ಅಲ್ಲಿ ಬರವಿಲ್ಲ. ಸ್ಯಾನ್ ಹೊಸೆಯಲ್ಲಿ ಹುಟ್ಟಿದ ಪೆಗ್ಗಿ ಫ್ಲೆಮಿಂಗ್ 1968ರಲ್ಲಿ ಗ್ರೆನೋಬಲ್‌ನಲ್ಲಿ ಒಲಿಂಪಿಕ್ ಚಿನ್ನ ಗೆದ್ದರು. ಸನ್ನಿವೇಲ್‌ನಲ್ಲಿ ಬೆಳೆದ ಬ್ರಯಾನ್ ಬೋಯ್ಟಾನೊ 1988ರಲ್ಲಿ ಕ್ಯಾಲ್ಗರಿಯಲ್ಲಿ, ಫ್ರೀಮಾಂಟ್‌ನ ಕ್ರಿಸ್ಟಿ ಯಮಾಗುಚಿ 1992ರಲ್ಲಿ ಆಲ್ಬರ್‌ವಿಲ್‌ನಲ್ಲಿ ಗೆದ್ದರು. ಈ ಮೂರೂ ಊರುಗಳಲ್ಲಿ ಈಗ ಬೆಳಗಾದರೆ ಒಗ್ಗರಣೆಯ ಘಮ ಹೊರಡುವ ಮನೆಗಳು ಧಾರಾಳ. ಅಂಥ ಮನೆಯೊಂದರಲ್ಲಿ ಮಂಗಳವಾರ ಭರತನಾಟ್ಯ, ಬುಧವಾರ ಗಣಿತ, ಭಾನುವಾರ ಕನ್ನಡ ಕ್ಲಾಸು ಎಂದು ಮಗುವಿನ ವಾರವನ್ನು ಹಂಚಿಯಾದ ಮೇಲೂ ಗುರುವಾರ ಸಂಜೆ ಖಾಲಿ ಉಳಿದರೆ, ಆ ಜಾಗಕ್ಕೆ ಐಸ್ ರಿಂಕ್ ಬಂದು ಕೂರುತ್ತದೆ. ಈ ಕೈಪಿಡಿ ಆ ಮನೆಯವರಿಗೆ.

ಮೊದಮೊದಲು ಪ್ಯಾಡಿನ ಮಾತೇ ಏಳುವುದಿಲ್ಲ. ಮಗು ಗೋಡೆ ಹಿಡಿದು ನಡೆಯುತ್ತದೆ, ಕೂರುತ್ತದೆ, ಏಳುತ್ತದೆ. ಪುಟ್ಟ ಮಕ್ಕಳ ಸೊಂಟಕ್ಕೂ ನೆಲಕ್ಕೂ ಇರುವ ದೂರವೇ ಕಡಿಮೆ. ಬಿದ್ದರೂ ಬಿದ್ದ ಹಾಗಲ್ಲ. ತೊಂದರೆ ಶುರುವಾಗುವುದು ಜಂಪ್ ಕಲಿಯತೊಡಗಿದಾಗ. ಇಲ್ಲವೇ ನಲವತ್ತು ದಾಟಿದ ಅಪ್ಪ, ದಿನಾ ಬೆಂಚಿನಲ್ಲಿ ಕೂತು ಬೇಜಾರಾಗಿ, ‘ನಾನೂ ಒಂದು ಕೈ ನೋಡ್ತೀನಿ’ ಅಂದಾಗ. ಈ ಎರಡನೆಯ ವರ್ಗದವರು ಮುಂದೆ ಓದಬೇಕಾಗಿಲ್ಲ. ಅಂಗಡಿಯಲ್ಲಿರುವ ಅತಿ ದಪ್ಪ ಪ್ಯಾಡನ್ನು ಕಣ್ಣು ಮುಚ್ಚಿ ಕೊಳ್ಳಬಹುದು; ಅವರ ವಿಷಯದಲ್ಲಿ ಅಂದಚಂದದ ಪ್ರಶ್ನೆ ಏಳುವುದಿಲ್ಲ.

ಕ್ರಿಕೆಟ್ ಮನೆತನದವರಿಗೆ ವಿಶೇಷ ಸೂಚನೆ

ನಮ್ಮಲ್ಲಿ ಪ್ಯಾಡ್ ಅಂದರೆ ಮರ್ಯಾದೆ. ಪ್ಯಾಡ್ ಕಟ್ಟಿಕೊಂಡು ಪೆವಿಲಿಯನ್ನಿನಲ್ಲಿ ಕೂತವನು ಇನ್ನೂ ಒಂದು ಚೆಂಡು ಆಡಿರದಿದ್ದರೂ ಅವನ ಮುಖದ ಮೇಲೆ ಜವಾಬ್ದಾರಿ ಬಂದಿರುತ್ತದೆ. ಫಿಗರ್ ಸ್ಕೇಟಿಂಗ್‌ನಲ್ಲಿ ಎಲ್ಲ ಉಲ್ಟಾ. ಇಲ್ಲಿ ಪ್ಯಾಡ್ ಕಂಡರೆ ಗುಟ್ಟು ರಟ್ಟು. ಕಷ್ಟಪಡುತ್ತಿಲ್ಲ ಎಂದು ತೋರಿಸಿಕೊಳ್ಳಲು ಜೀವ ಹೋಗುವಷ್ಟು ಕಷ್ಟಪಡುವ ಆಟ ಇದು. ಮೈತುಂಬ ಮಿಣಮಿಣ ಹರಳು, ಮುಖದ ತುಂಬ ನಗು, ಬಟ್ಟೆಯೊಳಗೆ ಅಂಗೈಯಗಲದ ನೀಲಿ ಬಾವು.

ಆದ್ದರಿಂದ ಪ್ಯಾಡ್ ಆರಿಸುವವರು ಕೇಳಿಕೊಳ್ಳಬೇಕಾದ ಪ್ರಶ್ನೆ ಎರಡು. ಪೆಟ್ಟು ತಡೆಯುತ್ತದೆಯೇ? ಕಾಣದೆ ಇರುತ್ತದೆಯೇ? ಅಂಗಡಿಯವರು ಎರಡಕ್ಕೂ ಹೌದು ಅನ್ನುತ್ತಾರೆ. ಅಷ್ಟು ಸಲೀಸಿಲ್ಲ. ದಪ್ಪಗಿರುವುದು ತಡೆಯುತ್ತದೆ, ಕಾಣುತ್ತದೆ. ತೆಳ್ಳಗಿರುವುದು ಕಾಣುವುದಿಲ್ಲ, ತಡೆಯುವುದೂ ಇಲ್ಲ. ಈ ಕೈಪಿಡಿಯ ಉಳಿದ ಪುಟಗಳೆಲ್ಲ ಇವೆರಡರ ನಡುವಿನ ಚೌಕಾಶಿ.

ಅಪ್ಪನ ಕಾಲೇಜು ದಿನಗಳ ಥೈ ಪ್ಯಾಡನ್ನು ಅಟ್ಟದಿಂದ ಇಳಿಸಬೇಡಿ. ಅದು ಎದುರಿನಿಂದ ಬರುವ ಚೆಂಡಿಗೆಂದು ಮಾಡಿದ್ದು. ಚೆಂಡು ಬಂದು ಬಡಿದು ಆಚೆ ಹಾರಿಹೋಗುತ್ತದೆ. ಇಲ್ಲಿ ಹೋಗಿ ಬಡಿಯುವವರು ನಾವು. ಐಸ್ ಎಲ್ಲಿಗೂ ಹಾರಿಹೋಗುವುದಿಲ್ಲ.

ರೋಲರ್ ಸ್ಕೇಟಿಂಗ್ ಸೆಟ್ಟಿನದು ಇನ್ನೊಂದು ಕಥೆ. ಬೆಂಗಳೂರು, ಮೈಸೂರುಗಳಲ್ಲಿ ಚಕ್ರದ ಸ್ಕೇಟಿಂಗ್ ಕಲಿಯುವ ಮಕ್ಕಳು ಬೇಕಾದಷ್ಟಿದ್ದಾರೆ. ಅವರಿಗೆಂದು ಮಾರುವ ಮಂಡಿ, ಮೊಣಕೈ, ಮಣಿಕಟ್ಟಿನ ಸೆಟ್ಟು ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿ ಬಾಟಲಿಗೆ ಒತ್ತಾಸೆಯಾಗಿ ಅಮೆರಿಕಕ್ಕೆ ಬಂದಿಳಿಯುವುದುಂಟು. ಅದರ ಮೇಲಿರುವ ಗಟ್ಟಿ ಪ್ಲಾಸ್ಟಿಕ್ ಚಿಪ್ಪಿನ ಕೆಲಸ ಒಂದೇ: ಸಿಮೆಂಟಿನ ಮೇಲೆ ಬಿದ್ದಾಗ ಚರ್ಮ ಕಿತ್ತುಬರದಂತೆ ತಾನು ಜಾರುವುದು. ಜಾರಿಸುವ ವಿಚಾರದಲ್ಲಿ ಐಸ್‌ಗೆ ಯಾರ ಸಹಾಯವೂ ಬೇಡ. ಇಲ್ಲಿ ಬೇಕಾದದ್ದು ಗುದ್ದು ನುಂಗುವ ಮೆತ್ತೆ. ಚಿಪ್ಪಿನ ಅಡಿಯಲ್ಲಿರುವ ಮೆತ್ತೆ ಸಾಮಾನ್ಯವಾಗಿ ಆ ಕೆಲಸಕ್ಕೆ ಸಾಲದಷ್ಟು ತೆಳು. ಬಾಟಲಿ ಒಡೆಯದೆ ಬಂದಿದ್ದರೆ ಸೆಟ್ಟು ತನ್ನ ಕೆಲಸ ಮಾಡಿಯಾಯಿತು ಅಂದುಕೊಳ್ಳಿ.

ಬೀಳುವ ಜಾಗ ಗುರುತಿಸುವುದು

ಕೊಳ್ಳುವ ಮುನ್ನ ನೀಲಿನಕ್ಷೆ ನೋಡಿಕೊಳ್ಳಿ. ಅದು ಮಗುವಿನ ಮೈಮೇಲೆಯೇ ಇರುತ್ತದೆ. ಎಣ್ಣೆ ನೀರಿನ ದಿನ ಇದಕ್ಕೆ ಪ್ರಶಸ್ತ. ಸೊಂಟದ ಒಂದೇ ಪಕ್ಕದಲ್ಲಿ ಹಳದಿ, ಹಸಿರು, ನೀಲಿ ಮೂರೂ ಒಂದರ ಮೇಲೊಂದು ಕೂತಿದ್ದರೆ ಹಳದಿ ಹೋದ ವಾರದ್ದು, ನೀಲಿ ನಿನ್ನೆಯದು. ಮಗು ಒಂದೇ ಜಂಪನ್ನು ಒಂದೇ ತಪ್ಪಿನಿಂದ ನಿಷ್ಠೆಯಿಂದ ಅಭ್ಯಾಸ ಮಾಡುತ್ತಿದೆ ಎಂದರ್ಥ. ಅಂಥ ಮಗುವಿಗೆ ಸೊಂಟದ ಸುತ್ತ ಮೆತ್ತೆಯಿರುವ ಇಡೀ ಚಡ್ಡಿ ಬೇಡ. ಬಟ್ಟೆಯೊಳಗೆ ತುರುಕುವ ಬಿಡಿ ಪ್ಯಾಡ್, ಆ ಒಂದು ಪಕ್ಕಕ್ಕೆ ಸಾಕು.

ಒಂದೇ ಪಕ್ಕ ಯಾಕೆ? ಹೆಚ್ಚಿನವರು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ, ಎಡಕ್ಕೆ ತಿರುಗುತ್ತಾರೆ. ಹಾಗೆ ತಿರುಗುವವರು ಬಲಗಾಲಿನ ಮೇಲೆ, ಹಿಮ್ಮುಖವಾಗಿ, ಬ್ಲೇಡಿನ ಹೊರ ಅಂಚಿನ ಮೇಲೆ ಇಳಿಯಬೇಕು. ಟೋ ಲೂಪ್, ಸಾಲ್ಕೋವ್, ಲೂಪ್, ಫ್ಲಿಪ್, ಲುಟ್ಜ್, ಆಕ್ಸೆಲ್: ಏಳುವುದು ಆರು ಬಗೆ, ಇಳಿಯುವುದು ಒಂದೇ ಬಗೆ. ಹೀಗಾಗಿ ಬೀಳುವುದರಲ್ಲೂ ಒಂದು ಶಿಸ್ತಿದೆ. ಈ ಆರರಲ್ಲಿ ಮುಮ್ಮುಖವಾಗಿ ಏಳುವುದು ಆಕ್ಸೆಲ್ ಒಂದೇ. ಆದ್ದರಿಂದ ಅದರಲ್ಲಿ ಅರ್ಧ ಸುತ್ತು ಹೆಚ್ಚು. ನಾರ್ವೆಯ ಆಕ್ಸೆಲ್ ಪಾಲ್ಸನ್ 1882ರಲ್ಲಿ ವಿಯೆನ್ನಾದಲ್ಲಿ ಅದನ್ನು ಹಾರಿ ತೋರಿಸಿದ. ಆ ಅರ್ಧ ಸುತ್ತಿನ ಸಾಲವನ್ನು ಲೋಕದ ಮಕ್ಕಳ ಸೊಂಟಗಳು ಇವತ್ತಿಗೂ ತೀರಿಸುತ್ತಿವೆ. ಮನೆಗಳಲ್ಲಿ ಪ್ಯಾಡಿನ ಮಾತು ಬರುವುದು ಸಾಮಾನ್ಯವಾಗಿ ಈ ಆಕ್ಸೆಲ್ ಕಾಲದಲ್ಲೇ.

ಹೊಸಬರ ನಕ್ಷೆ ಬೇರೆ. ಕಾಲು ಮುಂದಕ್ಕೆ ಜಾರಿ ಹಿಂದಕ್ಕೆ ಕೂತುಬಿಡುವವರಿಗೆ ಪೆಟ್ಟು ಬೆನ್ನುಮೂಳೆಯ ಕೊಟ್ಟಕೊನೆಯ ತುದಿಗೆ. ಈ ನೋವಿನ ವಿಶೇಷ ಏನೆಂದರೆ ಅದು ರಿಂಕಿನಲ್ಲಿ ಮುಗಿಯುವುದಿಲ್ಲ; ಕಾರಿನಲ್ಲಿ, ತರಗತಿಯಲ್ಲಿ, ಊಟಕ್ಕೆ ಕೂತಾಗ, ಕೂರುವ ಜಾಗವಿದ್ದಲ್ಲೆಲ್ಲ ಹಾಜರಿ ಹಾಕುತ್ತದೆ. ಬ್ಲೇಡಿನ ಮೂತಿಯಲ್ಲಿರುವ ಹಲ್ಲುಗಳು, ಅಂದರೆ ಟೋ ಪಿಕ್, ಐಸ್‌ಗೆ ಕಚ್ಚಿಕೊಂಡು ಮುಗ್ಗರಿಸುವವರಿಗೆ ಪೆಟ್ಟು ಮಂಡಿಚಿಪ್ಪಿಗೆ. ಹಿಂದೆ ಬೀಳುವವರಿಗೆ ಮಂಡಿ ಪ್ಯಾಡ್ ಕೊಡಿಸಿ ಪ್ರಯೋಜನವಿಲ್ಲ. ಮುಂದೆ ಬೀಳುವವರಿಗೆ ಪ್ಯಾಡ್ ಚಡ್ಡಿಯೂ ಹಾಗೇ. ಎರಡೂ ಕಡೆ ಬೀಳುವವರಿಗೆ ಕೋಚ್ ಬದಲಿಸುವ ಯೋಚನೆ ಮಾಡಬಹುದು.

ಒಳಗೇನಿದೆ

ಇಲ್ಲೊಂದು ಚಿಕ್ಕ ಲೆಕ್ಕ. ಬುಧವಾರದ ಗಣಿತಕ್ಕೆ ಫೀಸು ಕಟ್ಟುತ್ತಿರುವವರು ಮಗುವಿನ ಕೈಲೇ ಮಾಡಿಸಬಹುದು. ಅರ್ಧ ಮೀಟರ್ ಎತ್ತರದಿಂದ ಬಿದ್ದ ದೇಹ 5 ಮಿಲಿಮೀಟರ್ ಒಳಗೆ ನಿಂತುಬಿಟ್ಟರೆ ಅದನ್ನು ನಿಲ್ಲಿಸಲು ಬೇಕಾದ ಸರಾಸರಿ ಬಲ ತೂಕದ ಸುಮಾರು 100 ಪಟ್ಟು. ಅದೇ ದೇಹ 15 ಮಿಲಿಮೀಟರ್ ಕುಸಿಯುತ್ತ ನಿಂತರೆ ಸುಮಾರು 34 ಪಟ್ಟು. ನಡುವಿನ ಮಾಂಸಖಂಡವನ್ನೂ ಬೀಳುವ ಓರೆಯನ್ನೂ ಲೆಕ್ಕಕ್ಕೆ ಹಿಡಿದಿಲ್ಲ, ಆದರೂ ಅನುಪಾತದ ಮರ್ಮ ಇಷ್ಟೇ. ಪ್ಯಾಡ್ ಯಾವ ಪೆಟ್ಟನ್ನೂ ಮಾಯ ಮಾಡುವುದಿಲ್ಲ. ನಿಲ್ಲುವುದನ್ನು ತುಸು ತಡ ಮಾಡುತ್ತದೆ. ಆ ಹತ್ತು ಮಿಲಿಮೀಟರಿಗೆ ನೀವು ಡಾಲರ್ ಕೊಡುತ್ತಿರುವುದು.

ಹಾಗಾದರೆ ದಪ್ಪ ಇದ್ದಷ್ಟೂ ಒಳ್ಳೆಯದೇ? ಅಲ್ಲ. ಪ್ಯಾಡನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಬಲವಾಗಿ ಅದುಮಿ. ಒಂದು ಬೆರಳಿಗೆ ಇನ್ನೊಂದು ಬೆರಳು ಸಿಕ್ಕಿಬಿಟ್ಟರೆ ಅದು ಬರೀ ಸೋಫಾ ಸ್ಪಂಜು. ಎರಡಂಗುಲ ದಪ್ಪವಿದ್ದರೂ ದಂಡ. ಅರ್ಧ ದಾರಿಯಲ್ಲೇ ಉಸಿರು ಬಿಟ್ಟು, ಕೊನೆಯ ಪೆಟ್ಟನ್ನು ಮೂಳೆಗೇ ಒಪ್ಪಿಸುತ್ತದೆ. ಬೆರಳು ಸ್ವಲ್ಪ ಇಳಿದು, ಆಮೇಲೆ ಎದುರು ನಿಲ್ಲುವ ಹದ ಬೇಕು. ಓಟದ ಶೂಗಳ ಅಟ್ಟೆಯಲ್ಲಿ ಬಳಸುವ ಇವಿಎ ಫೋಮ್‌ನಂಥವು ಈ ಹದದವು. ಅವುಗಳೊಳಗಿನ ಗಾಳಿಗುಳ್ಳೆಗಳು ಒಂದೊಂದೂ ಮುಚ್ಚಿಕೊಂಡಿರುವುದರಿಂದ ಗಾಳಿ ಆಚೆ ಓಡಿಹೋಗುವುದಿಲ್ಲ, ನೀರು ಒಳಗೆ ಬರುವುದಿಲ್ಲ.

ಈ ನೀರಿನ ಮಾತು ಸಣ್ಣದಲ್ಲ. ರಿಂಕಿನಲ್ಲಿ ಆಗಾಗ ಒಂದು ದೊಡ್ಡ ಯಂತ್ರ ಬಂದು ಐಸ್ ಹೆರೆದು, ಮೇಲೊಂದು ಪದರ ಬಿಸಿನೀರು ಸವರಿ ಹೋಗುತ್ತದೆ. ಕ್ಯಾಲಿಫೋರ್ನಿಯಾದ್ದೇ ಪ್ಯಾರಾಮೌಂಟ್ ಊರಿನ ಫ್ರ್ಯಾಂಕ್ ಜಾಂಬೋನಿ 1949ರಲ್ಲಿ ಕಟ್ಟಿದ ಯಂತ್ರ, ಹೆಸರೂ ಜಾಂಬೋನಿ. ಅದು ಹೋದ ಕೂಡಲೇ ಕನ್ನಡಿಯಂಥ ಐಸ್ ಮೇಲೆ ಮೊದಲು ಗೀರೆಳೆಯಲು ಮಕ್ಕಳು ಮುಗಿಬೀಳುತ್ತಾರೆ. ಅಕ್ಷರಶಃ ಬೀಳುತ್ತಾರೆ ಕೂಡ. ಆ ಪದರ ಇನ್ನೂ ಪೂರ್ತಿ ಹೆಪ್ಪುಗಟ್ಟಿರುವುದಿಲ್ಲ. ಸ್ಪಂಜಿನ ಪ್ಯಾಡ್ ಆಗ ನೀರು ಕುಡಿದು, ತಣ್ಣಗೆ, ಭಾರವಾಗಿ ತೊಡೆಗೆ ಅಂಟಿಕೊಂಡು ಮಿಕ್ಕ ಮುಕ್ಕಾಲು ಗಂಟೆ ಕಾಟ ಕೊಡುತ್ತದೆ.

ಜೆಲ್ ಪ್ಯಾಡ್ ನೋಡಲು ಚಂದ. ಮೈಗೆ ಹೊಂದಿ ಕೂರುತ್ತದೆ, ಒತ್ತಡವನ್ನು ಅಗಲಕ್ಕೆ ಹಂಚುತ್ತದೆ. ಶೂ ಒಳಗೆ ಪಾದದ ಗೆಣ್ಣು ಉಜ್ಜಿ ಗಾಯವಾಗುವ ಕಡೆ ಜೆಲ್ ಕವಚವನ್ನು ಮೀರಿಸಿದ್ದಿಲ್ಲ. ಆದರೆ ದೊಡ್ಡ ಗುದ್ದನ್ನು ನುಂಗಬೇಕಾದ ಸೊಂಟದಲ್ಲಿ ಜೆಲ್ ಭಾರವೇ ಹೆಚ್ಚು, ಉಪಕಾರ ಕಡಿಮೆ ಎಂಬುದು ಈ ಕೈಪಿಡಿಯ ಅಭಿಪ್ರಾಯ. ಅಂಗಡಿಯವರಿಗೆ ಬೇರೆ ಅಭಿಪ್ರಾಯವಿರಬಹುದು. ಬೆಲೆಚೀಟಿ ನೋಡಿದರೆ ಯಾಕೆಂದು ತಿಳಿಯುತ್ತದೆ.

ಇನ್ನೊಂದು ಜಾತಿಯ ವಸ್ತುವಿದೆ. ಬ್ರಿಟನ್ನಿನಲ್ಲಿ ಹುಟ್ಟಿದ, ಸಾಮಾನ್ಯವಾಗಿ ಕಿತ್ತಳೆ ಬಣ್ಣದ ಡಿ3ಓ ಅದರಲ್ಲಿ ಹೆಸರುವಾಸಿ. ಮೆಲ್ಲಗೆ ಬಗ್ಗಿಸಿದರೆ ಬಗ್ಗುತ್ತದೆ. ಹಠಾತ್ತನೆ ಗುದ್ದಿದರೆ ಆ ಕ್ಷಣಕ್ಕೆ ಬಿಗಿಯಾಗಿ ಪೆಟ್ಟನ್ನು ಹೀರುತ್ತದೆ. ನಂಬದವರು ಅಡುಗೆಮನೆಯಲ್ಲೇ ಇದರ ದೂರದ ನೆಂಟನನ್ನು ನೋಡಬಹುದು. ಎರಡು ಬಟ್ಟಲು ಕಾರ್ನ್‌ಫ್ಲೋರಿಗೆ ಸುಮಾರು ಒಂದು ಬಟ್ಟಲು ನೀರು ಹಾಕಿ ಕಲಸಿ. ಬೆರಳನ್ನು ನಿಧಾನಕ್ಕೆ ಇಳಿಸಿದರೆ ಮುಳುಗುತ್ತದೆ. ಮುಷ್ಟಿಯಿಂದ ಗುದ್ದಿದರೆ ಹಿಟ್ಟು ಗಟ್ಟಿಯಾಗಿ ಮುಷ್ಟಿಯನ್ನೇ ತಡೆಯುತ್ತದೆ. ಪ್ರಯೋಗ ಮುಗಿದ ಮೇಲೆ ಆ ಹಿಟ್ಟಿನಲ್ಲಿ ಗೋಬಿ ಮಂಚೂರಿ ಮಾಡಿಕೊಳ್ಳಬಹುದು, ಡಿ3ಓ ಪ್ಯಾಡಿನಲ್ಲಿ ಆ ಅನುಕೂಲವಿಲ್ಲ. ತೆಳ್ಳಗಿದ್ದೂ ತಡೆಯುವ ವಸ್ತು ಎಂಬ ಕಾರಣಕ್ಕೆ ಈ ಜಾತಿಯವು ದುಬಾರಿ. ಅಡಗಿಸಲೇಬೇಕಾದವರಿಗೆ ಆ ಬೆಲೆ ಸರಿಯೇ.

ಅಳತೆ

ಕನ್ನಡ ಮನೆಗಳಲ್ಲಿ ಪ್ಯಾಡ್ ಕೆಲಸ ಮಾಡದಿರಲು ಮುಖ್ಯ ಕಾರಣ ಪ್ಯಾಡ್ ಅಲ್ಲ, ಮುಂದಾಲೋಚನೆ.

“ಒಂದು ಸೈಜು ದೊಡ್ಡದೇ ತಗೊಳ್ಳಮ್ಮಾ, ಬೆಳೆಯೋ ಮಗು,” ಎನ್ನುತ್ತಾರೆ ಅರಸೀಕೆರೆಯಿಂದ ಆರು ತಿಂಗಳಿಗೆಂದು ಬಂದಿರುವ ಅತ್ತೆ.

“ಇಲ್ಲ ಅತ್ತೆ, ಇದು ಬಿಗಿಯಾಗೇ ಇರಬೇಕಂತೆ.”

“ಬಿಗಿಯಾದ್ರೆ ಮಗು ಉಸಿರಾಡೋದು ಹೇಗೆ?”

“ಇದು ಸೊಂಟಕ್ಕೆ ಹಾಕೋದು ಅತ್ತೆ.”

“ಅಷ್ಟಕ್ಕೆ ಇಷ್ಟು ದುಡ್ಡಾ? ನನ್ನ ಹಳೇ ದಿಂಬು ಬಿಚ್ಚಿ ನಾನೇ ಹೊಲಿದುಕೊಡ್ತಿದ್ನಲ್ಲ.”

ದಿಂಬಿನ ಪ್ರಸ್ತಾಪವನ್ನು ನಯವಾಗಿ ಬದಿಗಿಡಿ. ಹತ್ತಿಗೆ ಹೆಬ್ಬೆರಳಿನ ಪರೀಕ್ಷೆಯೂ ನೀರಿನ ಪರೀಕ್ಷೆಯೂ ಎರಡೂ ಕಷ್ಟ. ಆದರೆ ಸೈಜಿನ ವಿಚಾರದಲ್ಲಿ ಬಗ್ಗಬೇಡಿ. ಯೂನಿಫಾರ್ಮಿಗೆ, ಸ್ವೆಟರಿಗೆ, ರೇಷ್ಮೆ ಲಂಗಕ್ಕೆ ಸಲ್ಲುವ ‘ಬೆಳೆಯೋ ಮಗು’ ನಿಯಮ ಪ್ಯಾಡಿಗೆ ಸಲ್ಲುವುದಿಲ್ಲ. ಸಡಿಲವಾದ ಪ್ಯಾಡ್ ಮೊದಲನೆಯ ಬೀಳುವಿಕೆಗೆ ಎರಡಂಗುಲ ಸರಿಯುತ್ತದೆ, ಎರಡನೆಯದಕ್ಕೆ ತೊಡೆಯ ಹಿಂದೆ ಹೋಗಿ ಕೂರುತ್ತದೆ. ಮೂರನೆಯ ಸಲ ಮೂಳೆ ಒಂದು ಕಡೆ, ಪ್ಯಾಡ್ ಒಂದು ಕಡೆ.

ಆ ಮೂಳೆ ಎಲ್ಲಿದೆ ಎಂದು ಮೊದಲು ಹುಡುಕಿಕೊಳ್ಳಬೇಕು. ಮಗು ನಿಂತಿರಲಿ. ಸೊಂಟದ ಪಟ್ಟಿಗಿಂತ ಒಂದು ಗೇಣು ಕೆಳಗೆ, ತೊಡೆಯ ಹೊರಪಕ್ಕಕ್ಕೆ ನಿಮ್ಮ ಅಂಗೈ ಚಪ್ಪಟೆಯಾಗಿ ಇಡಿ. ಹಿಮ್ಮಡಿ ಊರಿಕೊಂಡು ಪಾದವನ್ನು ಒಳಕ್ಕೂ ಹೊರಕ್ಕೂ ತಿರುಗಿಸಲು ಹೇಳಿ. ಅಂಗೈಯಡಿ ಒಂದು ಗಟ್ಟಿ ಗುಬಟು ಹಿಂದೆ ಮುಂದೆ ಉರುಳುತ್ತದೆ. ಅದೇ. ತೊಡೆಮೂಳೆಯ ಮೇಲ್ತುದಿಯ ಉಬ್ಬು. ಅದರ ಮೇಲೆ ಮಾಂಸದ ಹೊದಿಕೆ ತೀರ ಕಡಿಮೆ, ಐಸ್‌ಗೆ ಮೊದಲು ಸಿಗುವುದೂ ಅದೇ. ಪ್ಯಾಡಿನ ನಡುಭಾಗ ಸರಿಯಾಗಿ ಈ ಗುಬಟಿನ ಮೇಲೆ ಬರಬೇಕು, ಅಂಚು ಅದರಿಂದ ಎಲ್ಲ ಕಡೆಗೂ ಎರಡು ಬೆರಳಾದರೂ ಆಚೆ ಇರಬೇಕು. ಅಂಗಡಿಗಳಲ್ಲಿ ಸಿಗುವ ಎಷ್ಟೋ ಪ್ಯಾಡ್‌ಗಳು ಇದಕ್ಕಿಂತ ಮೇಲೆ, ಸೊಂಟದ ಪಟ್ಟಿಯ ಹತ್ತಿರ ಕೂರುತ್ತವೆ. ಫೋಟೋದಲ್ಲಿ ಚೆನ್ನಾಗಿ ಕಾಣುತ್ತವೆ. ಬೆನ್ನಮೂಳೆಯ ತುದಿಗೆ ಕೊಳ್ಳುವ ಪ್ಯಾಡಿಗೆ ನಡುವೆ ಉದ್ದಕ್ಕೆ ಸೀಳೋ ಗುಳಿಯೋ ಇದ್ದರೆ ಒಳ್ಳೆಯದು, ಮೂಳೆ ಅದರೊಳಗೆ ತೂಗಿಕೊಂಡು ಪೆಟ್ಟು ಅಕ್ಕಪಕ್ಕಕ್ಕೆ ಹೋಗುತ್ತದೆ.

ಟ್ರಯಲ್ ರೂಮಿನಲ್ಲಿ ಕನ್ನಡಿ ನೋಡುವುದರಿಂದ ಪ್ರಯೋಜನವಿಲ್ಲ. ಮಗುವನ್ನು ಕುಕ್ಕರುಗಾಲಿನಲ್ಲಿ ಕೂರಿಸಿ ಏಳಿಸಿ. ಕೈಗಳನ್ನು ಎದೆಗೆ ಒತ್ತಿ, ಒಂದು ಕಾಲನ್ನು ಇನ್ನೊಂದರ ಮೇಲೆ ಹೆಣೆದು ನಿಲ್ಲಿಸಿ. ಗಾಳಿಯಲ್ಲಿ ತಿರುಗುವಾಗಿನ ಭಂಗಿ ಇದೇ. ತೊಡೆ ತೊಡೆಗೆ ತಾಗುವ ಕಡೆ ಪ್ಯಾಡ್ ಅಡ್ಡ ಬಂದರೆ ಕಾಲು ಕೂಡುವುದಿಲ್ಲ, ಕಾಲು ಕೂಡದಿದ್ದರೆ ಸುತ್ತು ಮುಗಿಯುವುದಿಲ್ಲ, ಸುತ್ತು ಮುಗಿಯದಿದ್ದರೆ ಮಗು ಬೀಳುತ್ತದೆ. ಬಿದ್ದಾಗ ಕಾಯಬೇಕಾದ ಪ್ಯಾಡೇ ಬೀಳಿಸಿದಂತಾಯಿತು.

ತೊಡುವುದು, ಅಡಗಿಸುವುದು

ಮೊದಲು ಟೈಟ್ಸ್, ಅದರ ಮೇಲೆ ಪ್ಯಾಡ್, ಅದರ ಮೇಲೆ ಲೆಗ್ಗಿಂಗ್ಸ್. ಬಿಡಿ ಪ್ಯಾಡಾದರೆ ಎರಡು ಪದರಗಳ ನಡುವೆ. ವೆಲ್ಕ್ರೋ ಇದ್ದರೆ ಜಾಗ್ರತೆ: ಅದು ಟೈಟ್ಸನ್ನು ಹಿಡಿದರೆ ದಾರದ ಸಮೇತ ಬರುತ್ತದೆ, ಟೈಟ್ಸ್ ಬೆಲೆ ನಿಮಗೆ ಗೊತ್ತೇ ಇದೆ.

ಅಭ್ಯಾಸದ ಹೊತ್ತಿನಲ್ಲಿ ಲಾಬಿಯಲ್ಲಿ ಕೂತು ಗಮನಿಸಿ. ಹನ್ನೆರಡು ಹದಿಮೂರರ ಹುಡುಗಿಯರು ಶೂ ಲೇಸು ಬಿಗಿದುಕೊಂಡು ರಬ್ಬರ್ ಮ್ಯಾಟಿನ ಮೇಲೆ ಎದ್ದು ನಿಂತು, ಎರಡೂ ಅಂಗೈಯಿಂದ ಸೊಂಟದ ಪಕ್ಕಗಳನ್ನು ಒಮ್ಮೆ ಬಡಿದು ನೋಡಿಕೊಳ್ಳುತ್ತಾರೆ: ಡಬ್, ಡಬ್. ಪ್ಯಾಡ್ ಸ್ವಸ್ಥಾನದಲ್ಲಿದೆ. ಆಮೇಲೆ ಸ್ವೆಟರನ್ನು ಕೆಳಕ್ಕೆಳೆದು, ಅಂಥದ್ದೇನೂ ಇಲ್ಲವೆಂಬ ಮುಖ ಮಾಡಿ ಐಸ್‌ಗೆ ಇಳಿಯುತ್ತಾರೆ. ಬೆಂಚಿನಲ್ಲಿರುವ ಅಪ್ಪ ಅಮ್ಮಂದಿರು ಸ್ವಲ್ಪ ಕಾಲದಲ್ಲೇ ಫೋನಿನಿಂದ ತಲೆಯೆತ್ತದೆ ಸದ್ದಿನಿಂದಲೇ ಹೇಳಬಲ್ಲರು. ‘ಧಪ್’ ಅಂದರೆ ಪ್ಯಾಡ್ ಮೇಲೆ. ‘ಟಕ್’ ಅಂದರೆ ತಲೆಯೆತ್ತಬೇಕು.

ಗಂಡುಮಕ್ಕಳ ಕಪ್ಪು ಪ್ಯಾಂಟಿನೊಳಗೆ ಏನು ಬೇಕಾದರೂ ಅಡಗುತ್ತದೆ. ಹೆಣ್ಣುಮಕ್ಕಳಿಗೆ ಬಹುಕಾಲ ಸ್ಪರ್ಧೆಯಲ್ಲಿ ಸ್ಕರ್ಟ್ ಕಡ್ಡಾಯವಿತ್ತು. ಪ್ಯಾಂಟಿಗೆ ಒಪ್ಪಿಗೆ ಸಿಕ್ಕಿದ್ದು 2004ರಲ್ಲಿ. ಪ್ಯಾಡ್ ದೃಷ್ಟಿಯಿಂದ ಇದೊಂದು ದೊಡ್ಡ ಸುಧಾರಣೆ, ಆದರೂ ಸ್ಕರ್ಟ್ ಬಿಟ್ಟವರು ಕಡಿಮೆ. ಸ್ಪರ್ಧೆಗೂ ಬಿಡಿ ಪ್ಯಾಡ್ ತುರುಕಿಕೊಂಡು ಇಳಿಯುವ ಧೈರ್ಯಸ್ಥರಿಗೆ ಒಂದು ಮಾತು. ಉಡುಪಿನ ಹರಳೋ ಗರಿಯೋ ಕಳಚಿ ಐಸ್ ಮೇಲೆ ಬಿದ್ದರೆ 1 ಅಂಕ ಕಡಿತ. ಆಟಗಾರ್ತಿಯೇ ಬಿದ್ದರೂ ಮೊದಲ ಸಲಕ್ಕೆ 1 ಅಂಕವೇ. ಪ್ಯಾಡ್ ಉಡುಪಿನ ಭಾಗವೋ ಅಲ್ಲವೋ ಎಂದು ರೆಫರಿಯ ಮುಂದೆ ವಾದ ಹೂಡುವ ಪರಿಸ್ಥಿತಿ ತಂದುಕೊಳ್ಳಬೇಡಿ.

ಬಿಚ್ಚುವುದು

ಪ್ಯಾಡ್ ಕೊಳ್ಳಲು ಹೇಳುವವರು ಅದನ್ನು ಬಿಚ್ಚುವುದು ಯಾವಾಗ ಎಂದು ಹೇಳುವುದಿಲ್ಲ. ಸೊಂಟದ ಎರಡೂ ಪಕ್ಕಕ್ಕೆ ಮೆತ್ತೆ ಕಟ್ಟಿಕೊಂಡು ತಿಂಗಳುಗಟ್ಟಲೆ ಹಾರಿದ ಮೈಗೆ ಆ ಅಗಲವೇ ತನ್ನ ಅಗಲವೆಂದು ರೂಢಿಯಾಗಿಬಿಡುತ್ತದೆ. ಸ್ಪರ್ಧೆಯ ಬೆಳಗ್ಗೆ ಬಿಚ್ಚಿದರೆ ಕೈ ಮೈಗೆ ತಾಗುವ ಜಾಗ ಬದಲು, ಸುತ್ತಿನ ವೇಗ ಬದಲು, ಧೈರ್ಯವೂ ಬದಲು. ಆದ್ದರಿಂದ ಹೊಸ ಜಂಪಿಗೆ ಪ್ಯಾಡ್, ಕೈಗೆ ಬಂದ ಜಂಪಿಗೆ ಬರಿಮೈ. ಸ್ಪರ್ಧೆಗೆ ಕೆಲವು ವಾರ ಮುಂಚಿನಿಂದಲೇ ಇಡೀ ಪ್ರೋಗ್ರಾಂ ಪ್ಯಾಡಿಲ್ಲದೆ ಆಡಿಸಲು ಕೋಚ್‌ಗೆ ಹೇಳಿ. ಅವರು ಈಗಾಗಲೇ ಅದನ್ನೇ ಹೇಳುತ್ತಿದ್ದರೆ, ಕೇಳಿಸಿಕೊಳ್ಳಿ.

ಬಿದ್ದರೆ ಎಲ್ಲ ಮುಗಿಯಿತೆಂದೂ ಅಲ್ಲ. ಸೀನಿಯರ್ ವಿಭಾಗದಲ್ಲಿ ಮೊದಲೆರಡು ಸಲಕ್ಕೆ ತಲಾ 1 ಅಂಕ ಹೋಗುತ್ತದೆ, ಮೂರನೆಯ ಮತ್ತು ನಾಲ್ಕನೆಯದಕ್ಕೆ ತಲಾ 2, ಆಮೇಲಿನವಕ್ಕೆ ತಲಾ 3. ಬಿದ್ದ ಜಂಪಿನ ಅಂಕಕ್ಕೂ ಕತ್ತರಿ ಬೀಳುತ್ತದೆ. ಆದರೂ 2014ರ ಸೋಚಿ ಒಲಿಂಪಿಕ್ಸಿನ ಫ್ರೀ ಸ್ಕೇಟ್‌ನಲ್ಲಿ ಜಪಾನಿನ ಯುಜುರು ಹನ್ಯು ಎರಡು ಸಲ ಬಿದ್ದು ಚಿನ್ನ ಗೆದ್ದ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬುದನ್ನು ನಾವು ಗೇಲಿಗೆ ಹೇಳುತ್ತೇವೆ. ಈ ಆಟದಲ್ಲಿ ಅದಕ್ಕೆ ಅಂಕವಿದೆ. ಎದ್ದ ಮುಖದಲ್ಲಿ ಬಿದ್ದದ್ದು ಕಾಣಬಾರದು, ಅಷ್ಟೆ.

ಪ್ಯಾಡ್ ಮಾಡದ ಕೆಲಸಗಳು

ಇಲ್ಲಿ ಕೈಪಿಡಿ ನಗುವುದಿಲ್ಲ. ಪ್ಯಾಡ್ ಚಡ್ಡಿ ತಲೆಯನ್ನು ಕಾಯುವುದಿಲ್ಲ. ಕಲಿಕೆಯ ಮೊದಲ ಹಂತದ ಮಕ್ಕಳಿಗೂ, ಮೊದಲ ಸಲ ಐಸ್‌ಗಿಳಿಯುವ ಅಪ್ಪ ಅಮ್ಮಂದಿರಿಗೂ ಹೆಲ್ಮೆಟ್ ಇರಲಿ. ಚಂದ ಕಾಣುವುದಿಲ್ಲವೆಂಬ ತಕರಾರನ್ನು ಕೇಳಿಸಿಕೊಳ್ಳಬೇಡಿ. ತಲೆಗೆ ಏಟು ಬಿದ್ದು ಮಗು ಮಂಕಾದರೆ, ತಲೆನೋವು, ವಾಂತಿ ಅಂದರೆ, ಕೇಳಿದ್ದನ್ನೇ ಮತ್ತೆ ಕೇಳಿದರೆ, ಅವತ್ತಿನ ಸ್ಕೇಟಿಂಗ್ ಮುಗಿಯಿತು. ಮುಂದಿನ ಹೆಜ್ಜೆ ವೈದ್ಯರ ಹತ್ತಿರ. ಹನ್ಯು ಅದೇ 2014ರ ನವೆಂಬರಿನಲ್ಲಿ ಶಾಂಘೈನಲ್ಲಿ ವಾರ್ಮ್‌ಅಪ್ ಹೊತ್ತಿನಲ್ಲಿ ಚೀನಾದ ಯಾನ್ ಹಾನ್‌ಗೆ ಡಿಕ್ಕಿ ಹೊಡೆದು, ತಲೆಗೂ ಗಲ್ಲಕ್ಕೂ ಪಟ್ಟಿ ಸುತ್ತಿಕೊಂಡು ಮತ್ತೆ ಬಂದು, ಐದು ಸಲ ಬಿದ್ದು ಎರಡನೆಯ ಸ್ಥಾನ ಪಡೆದ. ಜನ ಅದನ್ನು ವೀರಗಾಥೆಯಂತೆ ಹೇಳುತ್ತಾರೆ. ಅವತ್ತು ಅವನನ್ನು ಐಸ್‌ಗೆ ಬಿಟ್ಟದ್ದೇ ತಪ್ಪು.

ಮಣಿಕಟ್ಟಿಗೆ ಗಾರ್ಡ್ ಸಿಗುತ್ತದೆ, ಆದರೆ ಅದಕ್ಕಿಂತ ಬೀಳಲು ಕಲಿಸುವುದು ಮೇಲು. ಮಂಡಿ ಮಡಿಸಿ, ತಗ್ಗಿ, ಪಕ್ಕಕ್ಕೆ ಒರಗಿ ಬೀಳಬೇಕು. ಕೈ ಚಾಚಿ ನೆಲಕ್ಕೆ ಊರಬಾರದು. ಬಿದ್ದ ಕೂಡಲೇ ಬೆರಳುಗಳನ್ನು ಮುಷ್ಟಿ ಮಾಡಿಕೊಳ್ಳಬೇಕು, ಹಿಂದೆ ಬರುತ್ತಿರುವವರ ಬ್ಲೇಡಿಗೆ ಕಣ್ಣಿಲ್ಲ. ಇನ್ನು ಈ ಆಟದ ಚರಿತ್ರೆಯಲ್ಲೇ ಅತಿ ಹೆಚ್ಚು ಸುದ್ದಿಯಾದ ಕಾಲಿನ ಪೆಟ್ಟು, 1994ರ ಜನವರಿಯಲ್ಲಿ ಡೆಟ್ರಾಯಿಟ್‌ನಲ್ಲಿ ಸ್ಕೇಟರ್ ನ್ಯಾನ್ಸಿ ಕೆರಿಗನ್‌ಗೆ ಬಿದ್ದದ್ದು, ಐಸ್ ಕೊಟ್ಟದ್ದಲ್ಲ. ಎದುರಾಳಿಯ ಕಡೆಯವರು ಆಳು ಕಳಿಸಿ ದೊಣ್ಣೆಯಿಂದ ಹೊಡೆಸಿದ್ದು. ಅದಕ್ಕೆ ಯಾವ ಕಂಪನಿಯ ಪ್ಯಾಡೂ ಸಾಲದು.

ದೋಷ ಮತ್ತು ಪರಿಹಾರ

ಪ್ಯಾಡ್ ಹಾಕಿದ ಮೇಲೆ ಮಗು ಹೆಚ್ಚು ಬೀಳುತ್ತಿದೆ: ದೋಷವಲ್ಲ. ಹೆದರಿ ಅರ್ಧಕ್ಕೇ ಬಿಡುತ್ತಿದ್ದ ಜಂಪನ್ನು ಈಗ ಪೂರ್ತಿ ಹಾರುತ್ತಿದೆ. ಪ್ಯಾಡ್ ಕೊಂಡದ್ದೇ ಇದಕ್ಕೆ.

ಪ್ಯಾಡ್ ಸರಿಯಿದೆ, ನೀಲಿ ಕಟ್ಟಿಲ್ಲ, ಆದರೂ ಮಗು ಅಳುತ್ತಿದೆ: ಪಕ್ಕದಲ್ಲಿ ಅದಕ್ಕಿಂತ ಒಂದು ವರ್ಷ ಚಿಕ್ಕವಳು ಅದೇ ಜಂಪನ್ನು ಇಳಿಸಿದ್ದಾಳೆಯೇ ನೋಡಿ.

ಕನ್ನಡ ಕೂಟದ ಯುಗಾದಿ ಕಾರ್ಯಕ್ರಮಕ್ಕೆ ರಿಂಕಿನಿಂದ ನೇರ ಬಂದಾಗ ಆಂಟಿಯೊಬ್ಬರು ‘ಏನ್ ಪುಟ್ಟಿ, ಸ್ವಲ್ಪ ದಪ್ಪ ಆಗಿದೀಯ’ ಅಂದರು: ಕಾರಿನಲ್ಲೇ ಬಿಚ್ಚಿಸಬೇಕಿತ್ತು. ಈಗ ಹೋಳಿಗೆ ಬಡಿಸಿ ಮಾತು ಬದಲಿಸಿ.

ಅಪ್ಪ ಬಿದ್ದರು, ಪ್ಯಾಡ್ ಇತ್ತು, ಏಳುತ್ತಿಲ್ಲ: ಪ್ಯಾಡ್ ಬದಲಿಸುವ ಮುನ್ನ ಎಕ್ಸ್‌ರೇ.

ಒಗೆತ, ವಾರಂಟಿ

ಫೋಮ್ ಹೊರತೆಗೆಯಬಹುದಾದ ಚಡ್ಡಿಯನ್ನೇ ಕೊಳ್ಳಿ; ಬಟ್ಟೆ ಮೆಷಿನ್ನಿಗೆ, ಫೋಮ್ ಕೈಯೊಗೆತಕ್ಕೆ. ಡ್ರೈಯರ್‌ಗೆ ಯಾವ ಪ್ಯಾಡನ್ನೂ ಹಾಕಬಾರದು, ಬಿಸಿಗೆ ಮುರುಟುತ್ತದೆ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಬಾರದೆಂಬ ಸೊಸೈಟಿಯವರ ನಿಯಮವಿದ್ದರೆ ಬಚ್ಚಲುಮನೆಯ ಪರದೆಯ ಕೋಲು ಇದ್ದೇ ಇದೆ. ಸ್ಕೇಟ್ ಬ್ಯಾಗಿನಲ್ಲೇ ಬಿಟ್ಟು, ಬ್ಯಾಗನ್ನು ಕಾರಿನ ಡಿಕ್ಕಿಯಲ್ಲೇ ಬಿಟ್ಟರೆ ಮುಂದಿನ ಗುರುವಾರ ಇಡೀ ಫ್ರೀಮಾಂಟ್‌ಗೆ ತಿಳಿಯುತ್ತದೆ.

ಫೋಮ್‌ಗೂ ಆಯಸ್ಸಿದೆ. ಪದೇ ಪದೇ ಅದುಮಿಸಿಕೊಂಡ ಜಾಗ ಗುಳಿ ಬಿದ್ದು ಮತ್ತೆ ಮೇಲೇಳುವುದಿಲ್ಲ. ಅಕ್ಕನ ಪ್ಯಾಡನ್ನು ತಂಗಿಗೆ ದಾಟಿಸುವ ಮುನ್ನ ಹೆಬ್ಬೆರಳಿನ ಪರೀಕ್ಷೆ ಇನ್ನೊಮ್ಮೆ ಆಗಲಿ. ಪಾಸಾದರೆ ತಂಗಿಗೆ. ಫೇಲಾದರೆ ಎಸೆಯಬೇಡಿ, ಅಪ್ಪ ಅಮ್ಮ ಕೂರುವ ರಿಂಕಿನ ಬೆಂಚು ಅಲ್ಯೂಮಿನಿಯಮ್ಮಿನದು, ಮುಕ್ಕಾಲು ಗಂಟೆ ಕೂತರೆ ಚಳಿ ಮೂಳೆಗೆ ಇಳಿಯುತ್ತದೆ. ಗುಳಿ ಬಿದ್ದ ಪ್ಯಾಡ್ ಅಲ್ಲಿಗೆ ಹೇಳಿ ಮಾಡಿಸಿದ ಹಾಗಿರುತ್ತದೆ.